ಕ್ಷಮೆಯಿಲ್ಲದ ಪಾಪದ ಭಯ: ಉತ್ತರ ಒಂದೇ ಸಲ ಸಾಕು

ರಾತ್ರಿ ಎರಡು ಗಂಟೆಗೆ ಎದ್ದು ಕೂತು ಮೊಬೈಲಿನಲ್ಲಿ, ಪವಿತ್ರಾತ್ಮನನ್ನು ದೂಷಿಸುವವನಿಗೆ ಎಂದಿಗೂ ಕ್ಷಮೆಯಿಲ್ಲ ಎನ್ನುವ ಮಾರ್ಕ 3:29ನ್ನು ಇಪ್ಪತ್ತನೇ ಸಲ ಓದುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವರ ಜೊತೆ ಒಂದೇ ಮನೆಯಲ್ಲಿರುವವರಿಗೂ, ಅವರು ಪದೇ ಪದೇ ಫೋನ್ ಮಾಡುವ ಪಾಸ್ಟರಿಗೂ, ಫಾದರಿಗೂ. ಬರಹ ಉದ್ದವಿದೆ. ಆದರೆ ಒಂದು ಸಲ ಓದಿದರೆ ಸಾಕು. ಸೇವ್ ಮಾಡಿಟ್ಟುಕೊಂಡು ದಿನಾ ಓದಬೇಡಿ, ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಶುರುವಾಗುವುದು ಹೆಚ್ಚುಕಡಿಮೆ ಹೀಗೆ. ಪ್ರಾರ್ಥನೆಯ ನಡುವೆಯೋ, ಪ್ರಭು ಭೋಜನದ ರೊಟ್ಟಿ ಕೈಗೆ ಬಂದಾಗಲೋ ಪವಿತ್ರಾತ್ಮನ ಬಗ್ಗೆ ಒಂದು ಹೊಲಸು ಮಾತು ತಲೆಯೊಳಗೆ ಸುಳಿದು ಹೋಗುತ್ತದೆ. ಬೇಕೆಂದು ತಂದುಕೊಂಡ ಮಾತಲ್ಲ. ಮೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. "ಇದು ತಾನಾಗಿ ಬಂತಾ, ನಾನೇ ಅಂದೆನಾ?" ಅನ್ನುವ ಪ್ರಶ್ನೆ ಏಳುತ್ತದೆ. ಕೂಡಲೇ ಮನಸ್ಸಿನಲ್ಲೇ "ಕ್ಷಮಿಸು ಕರ್ತನೇ" ಅಂತ ಹತ್ತು ಸಲ ಹೇಳಿಕೊಂಡು ಸ್ವಲ್ಪ ಸಮಾಧಾನ. ಸಂಜೆಯಷ್ಟರಲ್ಲಿ ಅದೇ ಮಾತು ಇನ್ನೂ ಜೋರಾಗಿ ವಾಪಸ್ಸು. ವಾರದೊಳಗೆ ಸತ್ಯವೇದ ತೆರೆಯುವುದಕ್ಕೇ ಭಯ.

ಮೊದಲು ವಾಕ್ಯವನ್ನೇ ನೋಡೋಣ. 29ನೇ ವಚನದಿಂದಲ್ಲ, 20ರಿಂದ ಓದಬೇಕು. ಯೆರೂಸಲೇಮಿನಿಂದ ಬಂದ ಶಾಸ್ತ್ರಿಗಳು "ಇವನನ್ನು ಬೆಲ್ಜೆಬೂಲ ಹಿಡಿದಿದ್ದಾನೆ" ಅನ್ನುತ್ತಾರೆ. ಬೆಲ್ಜೆಬೂಲ ಅಂದರೆ ದೆವ್ವಗಳ ಒಡೆಯ. ಯೇಸು ಎಚ್ಚರಿಕೆ ಕೊಟ್ಟದ್ದು ಯಾಕೆಂದು ಮಾರ್ಕನೇ 30ನೇ ವಚನದಲ್ಲಿ ಬರೆದಿಟ್ಟಿದ್ದಾನೆ: ಇವನಿಗೆ ಅಶುದ್ಧಾತ್ಮ ಹಿಡಿದಿದೆ ಎಂದು ಅವರು ಹೇಳುತ್ತಿದ್ದರು. "ಹೇಳಿದರು" ಎಂದಲ್ಲ, "ಹೇಳುತ್ತಿದ್ದರು". ಗ್ರೀಕ್ ಮೂಲದಲ್ಲಿ ಆ ಕ್ರಿಯಾಪದ ಎಡೆಬಿಡದೆ ನಡೆಯುತ್ತಿದ್ದ ಕೆಲಸವನ್ನು ತೋರಿಸುವ ರೂಪದಲ್ಲಿದೆ.

ಮತ್ತಾಯನಲ್ಲಿ ಇದು ಇನ್ನೂ ಸ್ಪಷ್ಟ. 9:34ರಲ್ಲೇ ಫರಿಸಾಯರು ಈ ಆರೋಪ ಮಾಡಿ ಆಗಿತ್ತು. 12ನೇ ಅಧ್ಯಾಯದಲ್ಲಿ ಕೈ ಬತ್ತಿದ್ದವನನ್ನು ಸಬ್ಬತ್ ದಿನ ಗುಣಪಡಿಸಿದ್ದಕ್ಕೆ ಯೇಸುವನ್ನು ಕೊಲ್ಲುವ ಆಲೋಚನೆ ಮಾಡಿದರು. ಆಮೇಲೆ ಕುರುಡನೂ ಮೂಕನೂ ಆಗಿದ್ದ ಒಬ್ಬನು ಕಣ್ಣೆದುರೇ ಮಾತಾಡಿ, ನೋಡಿದಾಗ "ಇದು ದೆವ್ವಗಳ ಒಡೆಯನ ಕೆಲಸ" ಎಂದು ಜನರೆದುರು ಸಾರಿದರು. ಕಂಡಿದ್ದಾರೆ, ತೂಗಿ ನೋಡಿದ್ದಾರೆ, ಬೇಕೆಂದೇ ತಿರುಚಿದ್ದಾರೆ, ಅದನ್ನೇ ಪಟ್ಟು ಹಿಡಿದಿದ್ದಾರೆ. ಅವರಲ್ಲಿ ಒಬ್ಬನಿಗೂ ಆ ರಾತ್ರಿ ನಿದ್ದೆ ಕೆಟ್ಟಿತು ಎಂದು ಯಾವ ಸುವಾರ್ತೆಯೂ ಬರೆದಿಲ್ಲ. ಇಷ್ಟಾದರೂ ಅಲ್ಲಿ ಯೇಸು ಕೊಟ್ಟದ್ದು ಎಚ್ಚರಿಕೆ. ನಿಮ್ಮ ಕಥೆ ಮುಗಿಯಿತು, ಎದ್ದು ಹೋಗಿ ಎಂದು ಅವನು ಹೇಳಲಿಲ್ಲ. ಅಪೊಸ್ತಲರ ಕೃತ್ಯಗಳು 15:5ರಲ್ಲಿ ಅದೇ ಫರಿಸಾಯರ ಪಂಗಡದಿಂದ ಬಂದ ವಿಶ್ವಾಸಿಗಳು ಸಭೆಯಲ್ಲಿ ಕೂತಿದ್ದಾರೆ.

ಮಾರ್ಕನ ಅದೇ ಅಧ್ಯಾಯದ 21ನೇ ವಚನವನ್ನು ಹೆಚ್ಚಿನವರು ದಾಟಿಕೊಂಡು ಹೋಗುತ್ತಾರೆ. ಯೇಸುವಿನ ಕಡೆಯವರೇ "ಇವನಿಗೆ ಬುದ್ಧಿ ಕೆಟ್ಟಿದೆ" ಎಂದು ಹಿಡಿದುಕೊಂಡು ಹೋಗಲು ಬಂದರು. ಹತ್ತು ವಚನ ಕೆಳಗೆ ತಾಯಿ, ತಮ್ಮಂದಿರು ಹೊರಗೆ ನಿಂತಿದ್ದಾರೆ. ಆ ತಮ್ಮಂದಿರಲ್ಲಿ ಒಬ್ಬನಾದ ಯಾಕೋಬ ಮುಂದೆ ಯೆರೂಸಲೇಮಿನ ಸಭೆಗೇ ಆಧಾರಸ್ತಂಭವಾದ. ಪೇತ್ರ ಮೂರು ಸಲ ಅಲ್ಲಗಳೆದ, ಅದೂ ಶಪಿಸಿಕೊಂಡು, ಆಣೆ ಇಟ್ಟುಕೊಂಡು. ಪೌಲ ತಾನು ಮೊದಲು ದೂಷಕನಾಗಿದ್ದೆ ಎಂದು 1 ತಿಮೊಥೆ 1:13ರಲ್ಲಿ ತಾನೇ ಒಪ್ಪಿಕೊಳ್ಳುತ್ತಾನೆ. ಬೇರೆಯವರ ಬಾಯಿಂದಲೂ ದೂಷಣೆ ಮಾಡಿಸಲು ಬಲವಂತ ಮಾಡಿದೆ ಎಂದು ಅಪೊಸ್ತಲರ ಕೃತ್ಯಗಳು 26:11ರಲ್ಲಿ ಹೇಳುತ್ತಾನೆ. ಇವರಿಗೆಲ್ಲ ಕ್ಷಮೆ ಸಿಕ್ಕಿತು.

ಇನ್ನು ಇಬ್ರಿಯರಿಗೆ ಬರೆದ ಪತ್ರಿಕೆ. ರಕ್ಷಣೆ ಕಳೆದುಕೊಂಡೆ ಎಂದು ಹೆದರುವವರು ಕೊನೆಗೆ ಬಂದು ಸಿಕ್ಕಿಕೊಳ್ಳುವುದು ಇಲ್ಲೇ. 6:4-6ರಲ್ಲಿ ಬಿದ್ದುಹೋದವರನ್ನು ತಿರುಗಿ ಮಾನಸಾಂತರಕ್ಕೆ ತರುವುದು ಅಸಾಧ್ಯ ಎಂದಿದೆ. ಅಸಾಧ್ಯ ಎಂದಿರುವುದು ಮಾನಸಾಂತರಕ್ಕೆ ತರುವುದು. ಮಾನಸಾಂತರಪಟ್ಟು ಬಂದವನನ್ನು ದೇವರು ಬಾಗಿಲಿಂದ ಓಡಿಸುತ್ತಾನೆ ಎಂದು ಅಲ್ಲಿ ಇಲ್ಲವೇ ಇಲ್ಲ. ಮೂರೇ ವಚನ ಕೆಳಗೆ, 6:9ರಲ್ಲಿ, "ಪ್ರಿಯರೇ, ನಾವು ಹೀಗೆ ಮಾತಾಡಿದರೂ ನಿಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೆಯದನ್ನೇ ನಂಬಿದ್ದೇವೆ" ಎಂಬ ಅರ್ಥದ ಮಾತು ಬರುತ್ತದೆ. 10:26ರಲ್ಲಿ "ಬೇಕೆಂದು ಪಾಪ ಮಾಡುತ್ತಾ ಇದ್ದರೆ" ಎಂದು ನಿಲ್ಲದೆ ನಡೆಯುವ ಕ್ರಿಯೆಯನ್ನೇ ಹೇಳಿದೆ. ಅದು ಯಾವ ಬಗೆಯ ಪಾಪವೆಂದು 10:29 ಬಿಡಿಸಿ ಹೇಳುತ್ತದೆ: ದೇವಕುಮಾರನನ್ನು ತುಳಿದು, ಒಡಂಬಡಿಕೆಯ ರಕ್ತವನ್ನು ಹೊಲಸೆಂದು ಎಣಿಸಿ, ಕೃಪೆಯ ಆತ್ಮನನ್ನು ತಿರಸ್ಕರಿಸುವುದು. ಸಿಟ್ಟಿನಲ್ಲಿ ಆಡಿದ ಮಾತು, ಬಿಡಲಾಗದ ಚಟ, ಮದುವೆಗೆ ಮುಂಚಿನ ಸಂಬಂಧ, ಪಕ್ಕದ ಮನೆಯ ಗೃಹಪ್ರವೇಶದಲ್ಲಿ ತಿಂದ ಪ್ರಸಾದ, ಯಾವುದೂ ಆ ಪಟ್ಟಿಯಲ್ಲಿಲ್ಲ. ಇವುಗಳಲ್ಲಿ ತಪ್ಪೆನಿಸಿದ್ದಕ್ಕೆ ಪಶ್ಚಾತ್ತಾಪ ಇದೆ, ತಿದ್ದಿಕೊಳ್ಳುವ ದಾರಿ ಇದೆ. 12:17ರಲ್ಲಿ ಏಸಾವ ಕಣ್ಣೀರಿಟ್ಟು ಬೇಡಿದರೂ ತಿರಸ್ಕೃತನಾದ ಎಂದಿದೆ. ಅದನ್ನು ಆದಿಕಾಂಡ 27ರ ಪಕ್ಕದಲ್ಲಿಟ್ಟು ಓದಿ. ಅವನು ಅತ್ತದ್ದು ಕೈತಪ್ಪಿದ ಆಶೀರ್ವಾದಕ್ಕೆ.

ಇಬ್ರಿಯ ಆರನ್ನು ಹೇಗೆ ಅರ್ಥ ಮಾಡಬೇಕೆಂಬುದರಲ್ಲಿ ಸಭೆಗಳು ಒಂದೇ ಮಾತು ಹೇಳುವುದಿಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ನಿಜವಾಗಿ ರಕ್ಷಣೆ ಹೊಂದಿದವನು ಕಡೇವರೆಗೂ ಉಳಿಯುತ್ತಾನೆ ಅನ್ನುತ್ತಾರೆ ಕ್ಯಾಲ್ವಿನನ ಸಂಪ್ರದಾಯದವರು. ಬಿಟ್ಟು ಹೋಗಲು ಸಾಧ್ಯ, ಆದರೆ ವಾಪಸ್ಸು ಬರಬಹುದು ಅನ್ನುತ್ತಾರೆ ಮೆಥೊಡಿಸ್ಟರು ಮತ್ತು ಹೆಚ್ಚಿನ ಪೆಂತೆಕೊಸ್ತಿನವರು. ಕಥೋಲಿಕ ಸಭೆಯ ಧರ್ಮೋಪದೇಶ ಗ್ರಂಥದ 1864ನೇ ಪರಿಚ್ಛೇದ, ದೇವರ ಕರುಣೆಗೆ ಮಿತಿಯಿಲ್ಲ, ಪಶ್ಚಾತ್ತಾಪದ ಮೂಲಕ ಆ ಕರುಣೆಯನ್ನು ಸ್ವೀಕರಿಸಲು ಬೇಕೆಂದೇ ನಿರಾಕರಿಸುವವನು ಕ್ಷಮೆಯನ್ನೇ ನಿರಾಕರಿಸುತ್ತಾನೆ ಎನ್ನುತ್ತದೆ. ಪ್ರಾಚೀನ ಸಭೆಯ ಬೋಧಕ ಆಗುಸ್ತೀನನೂ ಈ ಪಾಪವನ್ನು ಸಾಯುವ ತನಕ ಬಿಡದ ಹಟವೆಂದೇ ವಿವರಿಸಿದ್ದ. ಇಷ್ಟೆಲ್ಲ ಭಿನ್ನಾಭಿಪ್ರಾಯವಿದ್ದರೂ, ಬರಲು ಬಯಸಿ ಬಂದವನನ್ನು ಯೇಸು ತಳ್ಳಿಬಿಡುತ್ತಾನೆ ಎಂದು ಇವರಲ್ಲಿ ಯಾರೂ ಕಲಿಸುವುದಿಲ್ಲ. ನನ್ನ ಬಳಿಗೆ ಬರುವವನನ್ನು ನಾನು ತಳ್ಳಿಬಿಡುವುದೇ ಇಲ್ಲ ಎನ್ನುವ ಯೋಹಾನ 6:37 ಎಲ್ಲರ ಸತ್ಯವೇದದಲ್ಲೂ ಇದೆ.

ಸಭೆ ಈ ಜಗಳವನ್ನು ಒಂದು ಸಲ ಪೂರ್ತಿ ಆಡಿ ಮುಗಿಸಿದೆ. ಕ್ರಿ.ಶ. 250ರ ಹೊತ್ತಿಗೆ ರೋಮ್ ಚಕ್ರವರ್ತಿ ದೇಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಚೀಟಿ ಪಡೆಯಬೇಕೆಂದು ಅಪ್ಪಣೆ ಮಾಡಿದ. ಅಂಥ ಚೀಟಿಗಳು ಈಜಿಪ್ಟಿನ ಮರಳಿನಲ್ಲಿ ಇವತ್ತಿಗೂ ಸಿಕ್ಕಿವೆ. ಹೆದರಿ ಬಲಿ ಕೊಟ್ಟ ಕ್ರೈಸ್ತರು ಆಮೇಲೆ ಅಳುತ್ತಾ ವಾಪಸ್ಸು ಬಂದಾಗ, ಇವರನ್ನು ಸಭೆ ಸೇರಿಸಿಕೊಳ್ಳಕೂಡದು ಎಂದ ರೋಮಿನ ಪಾದ್ರಿ ನೊವೇಷಿಯನ್. ಸೇರಿಸಿಕೊಳ್ಳಬೇಕು ಎಂದರು ರೋಮಿನ ಬಿಷಪ್ ಕೊರ್ನೇಲಿಯಸ್ ಮತ್ತು ಕಾರ್ತೇಜಿನ ಸಿಪ್ರಿಯನ್. 325ರ ನೈಸಿಯ ಮಹಾಸಭೆ ತನ್ನ 8ನೇ ನಿಯಮದಲ್ಲಿ ನೊವೇಷಿಯನ್ನನ ಹಿಂಬಾಲಕರಿಗೆ ಒಂದು ಷರತ್ತು ಹಾಕಿತು. ನೀವು ಸಭೆಗೆ ಬರಬೇಕಾದರೆ, ಬಿದ್ದು ಎದ್ದವರ ಜೊತೆ ಅನ್ಯೋನ್ಯತೆಯಲ್ಲಿರುತ್ತೇವೆ ಎಂದು ಬರೆದು ಕೊಡಬೇಕು. ಬರೆದು ಕೊಡಬೇಕಾಗಿ ಬಂದದ್ದು ಬಿದ್ದವರಲ್ಲ, ಬಾಗಿಲು ಹಾಕಿದವರು!

ಇದು ಉತ್ತರ. ಇಷ್ಟೇ. ಇದನ್ನು ಓದಿ ನಿಮಗೆ ಸಮಾಧಾನವಾಗಿ ಆ ಸಮಾಧಾನ ಉಳಿದರೆ ಇಲ್ಲಿಗೇ ನಿಲ್ಲಿಸಬಹುದು.

ಆದರೆ ತುಂಬ ಜನರಿಗೆ ಅದು ಉಳಿಯುವುದಿಲ್ಲ. ಅರ್ಧ ಗಂಟೆಗೆ "ಆದರೆ ನನ್ನದು ಬೇರೆ ಥರ" ಎಂಬ ಮಾತು ಎದ್ದು ಬರುತ್ತದೆ. "ಹೆದರಿಕೆ ಇದ್ದರೆ ಆ ಪಾಪ ಮಾಡಿಲ್ಲ ಎಂದರ್ಥ" ಅಂತ ಪಾಸ್ಟರ್ ಹೇಳಿದರೆ, "ನನಗೀಗ ಸಾಕಷ್ಟು ಹೆದರಿಕೆ ಇದೆಯಾ?" ಎಂದು ಹೆದರಿಕೆಯನ್ನೇ ಅಳೆಯಲು ಕೂರುತ್ತಾರೆ. ಇಲ್ಲಿಗೆ ಬಂದಾಗ ಇದು ದೇವಶಾಸ್ತ್ರದ ಪ್ರಶ್ನೆಯಾಗಿ ಉಳಿದಿಲ್ಲ. ವೈದ್ಯರು ಇದನ್ನು ಓಸಿಡಿ, ಅಂದರೆ ಗೀಳು ಕಾಯಿಲೆಯ ಒಂದು ರೂಪ ಎಂದು ಗುರುತಿಸುತ್ತಾರೆ. ಜೀವಮಾನದಲ್ಲಿ ಯಾವುದೋ ಒಂದು ಹಂತದಲ್ಲಿ ನೂರಕ್ಕೆ ಎರಡು ಮೂರು ಜನರಿಗೆ ಓಸಿಡಿ ಬರುತ್ತದೆ. ಕೆಲವರಿಗೆ ಅದು ಕೈ ತೊಳೆಯುವುದರಲ್ಲಿ, ಕೆಲವರಿಗೆ ಬೀಗ ಎಳೆದು ನೋಡುವುದರಲ್ಲಿ, ಭಕ್ತಿಯುಳ್ಳವರಿಗೆ ಅನೇಕ ಸಲ ಭಕ್ತಿಯಲ್ಲೇ ಕಾಣಿಸಿಕೊಳ್ಳುತ್ತದೆ. ಈ ರೂಪದ ಹೆಸರು ಸ್ಕ್ರೂಪ್ಯುಲಾಸಿಟಿ. ಆ ಪದದ ಲ್ಯಾಟಿನ್ ಮೂಲಕ್ಕೆ ಚೂಪಾದ ಸಣ್ಣ ಕಲ್ಲು ಎಂದರ್ಥ. ಚಪ್ಪಲಿಯೊಳಗೆ ಸೇರಿಕೊಂಡ ಹರಳು ಹೆಜ್ಜೆ ಹೆಜ್ಜೆಗೂ ಚುಚ್ಚುವ ಹಾಗೆ.

17ನೇ ಶತಮಾನದ ಇಂಗ್ಲೆಂಡಿನ ಬೋಧಕ ಜಾನ್ ಬನ್ಯನ್ ತನಗಾದದ್ದನ್ನು 1666ರಲ್ಲಿ ಬರೆದಿಟ್ಟಿದ್ದಾನೆ. "ಕ್ರಿಸ್ತನನ್ನು ಮಾರಿಬಿಡು" ಎಂಬ ಮಾತು ಅವನ ತಲೆಯಲ್ಲಿ ತಿಂಗಳುಗಟ್ಟಲೆ ಸುತ್ತುತ್ತಿತ್ತು. ಊಟಕ್ಕೆ ಕೂತರೆ, ಗುಂಡುಸೂಜಿ ಎತ್ತಲು ಬಗ್ಗಿದರೆ, ಕಟ್ಟಿಗೆ ಕಡಿಯಲು ಹೋದರೆ, ಇದಕ್ಕಾಗಿ ಮಾರು, ಅದಕ್ಕಾಗಿ ಮಾರು. ಅದನ್ನು ತಳ್ಳಲು ಅವನ ಕೈ, ಮೊಣಕೈಗಳೇ ಗಾಳಿಯಲ್ಲಿ ನೂಕಾಡುತ್ತಿದ್ದವು. "ಮಾರಲ್ಲ, ಸಾವಿರ ಲೋಕ ಕೊಟ್ಟರೂ ಮಾರಲ್ಲ" ಎಂದು ಉತ್ತರ ಕೊಟ್ಟು ಕೊಟ್ಟು ಸುಸ್ತಾದ. ಒಂದು ದಿನ ದಣಿದು "ಬೇಕಾದರೆ ಹೋಗಲಿ" ಎಂಬ ಮಾತು ಮನಸ್ಸಿನಲ್ಲಿ ಹಾದುಹೋಯಿತು. ಅಷ್ಟಕ್ಕೇ ತಾನು ಏಸಾವ, ತನಗಿನ್ನು ಕ್ಷಮೆಯಿಲ್ಲ ಎಂದು ಬಹುಕಾಲ ಒದ್ದಾಡಿದ. ಆ ನೂಕಾಟವನ್ನು ಗಮನಿಸಿ. ರೋಗ ಬೆಳೆದದ್ದು ಬಂದ ಮಾತಿನಿಂದ ಅಲ್ಲ, ಕೊಟ್ಟ ಉತ್ತರದಿಂದ.

ಇದು ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಈಗ ಪ್ರಯೋಗಗಳ ಆಧಾರವಿದೆ. 1978ರಲ್ಲಿ ರಾಕ್ಮನ್ ಮತ್ತು ಡಿ ಸಿಲ್ವ ಎಂಬ ಸಂಶೋಧಕರು ಯಾವ ಕಾಯಿಲೆಯೂ ಇಲ್ಲದವರನ್ನು ಕೇಳಿದಾಗ, ಶೇಕಡಾ 80ರಷ್ಟು ಜನ ಇಂಥ ಬೇಡದ ಯೋಚನೆ ತಮಗೂ ಬರುತ್ತದೆ ಎಂದರು. ಯೋಚನೆ ಎಲ್ಲರಿಗೂ ಬರುತ್ತದೆ. ಬಂದದ್ದಕ್ಕೆ ಭಯಂಕರ ಅರ್ಥ ಕೊಟ್ಟವನಲ್ಲಿ ಅದು ಉಳಿಯುತ್ತದೆ. 1987ರಲ್ಲಿ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞ ಕೆಲವರನ್ನು ಕೂರಿಸಿ, ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದಾಗ ಗಂಟೆ ಬಾರಿಸಿ ಎಂದ. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ನೆನೆಯಬಹುದು ಎಂದಾಗ, ಮೊದಲೇ ನೆನೆಯಲು ಬಿಟ್ಟವರಿಗಿಂತ ಇವರಿಗೇ ಅದು ಹೆಚ್ಚಾಗಿ ಬಂತು. ದೂಷಣೆಯ ಮಾತನ್ನು ತಡೆಯಲು ಹೊರಟವರ ಪಾಡೂ ಇದೇ. ತಡೆ, ಅಳಿಸು, ಪರೀಕ್ಷಿಸು, ಕೇಳು, ಮತ್ತೆ ರಕ್ಷಣೆಯ ಪ್ರಾರ್ಥನೆ ಮಾಡು. ಪ್ರತಿಯೊಂದೂ ಹತ್ತು ನಿಮಿಷ ತಂಪು ಕೊಟ್ಟು, "ಹಾಗಾದರೆ ಅದು ನಿಜವಾಗಿಯೂ ಅಪಾಯವೇ" ಎಂದು ಮೆದುಳಿಗೆ ಕಲಿಸಿ ಹೋಗುತ್ತದೆ.

ಆದ್ದರಿಂದ ಚಿಕಿತ್ಸೆಯ ತಿರುಳು ಉತ್ತರ ಕೊಡುವುದನ್ನು ನಿಲ್ಲಿಸುವುದು. ಮೊದಲ ವಾರ ಏನನ್ನೂ ನಿಲ್ಲಿಸಬೇಡಿ, ಲೆಕ್ಕ ಇಡಿ. ಜೇಬಿನಲ್ಲಿ ಸಣ್ಣ ಡೈರಿ. ಯಾರನ್ನಾದರೂ ಕೇಳಿದ್ದಕ್ಕೆ ಒಂದು ಗೀಟು, ನೆಟ್‌ನಲ್ಲಿ ಹುಡುಕಿದ್ದಕ್ಕೆ ಒಂದು, ಅಳಿಸುವ ಪ್ರಾರ್ಥನೆಗೆ ಒಂದು. ದಿನಕ್ಕೆ ಎಲ್ಲ ಸೇರಿ ಒಂದು ಗಂಟೆ ದಾಟುತ್ತಿದ್ದರೆ ವೈದ್ಯರನ್ನು ನೋಡಲೇಬೇಕು. ಎರಡನೇ ವಾರದಿಂದ ತಡ ಮಾಡುವುದು. ಕೇಳಬೇಕು ಅನಿಸಿದಾಗ ಹತ್ತು ನಿಮಿಷ ಬಿಟ್ಟು, ಆಮೇಲೆ ಇಪ್ಪತ್ತು, ಆಮೇಲೆ ನಲವತ್ತು. ಆ ಹೊತ್ತಿನಲ್ಲಿ ಕೈಯಲ್ಲಿದ್ದ ಕೆಲಸವನ್ನೇ ಮುಂದುವರಿಸಿ. ಪಾತ್ರೆ ತೊಳೆಯುತ್ತಿದ್ದರೆ ಪಾತ್ರೆ. ಮಾತು ಬಂದರೆ ಬಂತು. ಅದಕ್ಕೆ ಎದುರು ಮಾತು ಬೇಡ. ಪ್ರಾರ್ಥನೆಗೆ ಹೊತ್ತು ಗೊತ್ತುಮಾಡಿ, ಬೆಳಿಗ್ಗೆ ಹತ್ತು ನಿಮಿಷ, ರಾತ್ರಿ ಹತ್ತು ನಿಮಿಷ. ನಡುವೆ ಕೆಟ್ಟ ಮಾತು ನುಗ್ಗಿದರೂ ಮೊದಲಿಂದ ಶುರು ಮಾಡಬೇಡಿ, ಎಲ್ಲಿದ್ದೀರೋ ಅಲ್ಲಿಂದಲೇ ಮುಂದೆ ಹೋಗಿ.

ತಪ್ಪುವುದು ಎಲ್ಲಿ ಅನ್ನುವುದನ್ನೂ ಹೇಳಬೇಕು. ಮೊದಲ ಕೆಲವು ದಿನ ಭಯ ಏರುತ್ತದೆ, ಇಳಿಯುವುದಿಲ್ಲ. "ನೋಡು, ಆತ್ಮನು ಬಿಟ್ಟುಹೋಗುತ್ತಿದ್ದಾನೆ" ಎಂದುಕೊಂಡು ಅಲ್ಲಿಗೇ ಬಿಟ್ಟುಬಿಡುವವರು ಬಹಳ. ಅದು ರೂಢಿ ತಪ್ಪಿದ ಮೆದುಳಿನ ರಗಳೆ, ಎರಡು ಮೂರು ವಾರ ಬೇಕು. ಇನ್ನು ಕೆಲವರು "ಇರಬಹುದು, ಇಲ್ಲದಿರಬಹುದು, ನಾನು ಪರೀಕ್ಷಿಸಲ್ಲ" ಎಂಬ ಮಾತನ್ನೇ ದಿನಕ್ಕೆ ಐವತ್ತು ಸಲ ಜಪಿಸಿ ಅದನ್ನೇ ಹೊಸ ಮಂತ್ರ ಮಾಡಿಕೊಳ್ಳುತ್ತಾರೆ. ಮೂರನೆಯದು ಮಾತ್ರೆಯ ವಿಷಯ, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಓಸಿಡಿಗೆ ಕೊಡುವ ಫ್ಲುವಾಕ್ಸೆಟಿನ್, ಸರ್ಟ್ರಲಿನ್, ಫ್ಲುವಾಕ್ಸಮಿನ್‌ನಂಥ ಮಾತ್ರೆಗಳು ಕೆಲವರಲ್ಲಿ ಭಾವನೆಗಳನ್ನು ಸ್ವಲ್ಪ ಮಂಕು ಮಾಡುತ್ತವೆ. ಖಿನ್ನತೆಯೂ ಹಾಗೇ ಮಾಡುತ್ತದೆ. ಆರಾಧನೆಯಲ್ಲಿ ಕಣ್ಣೀರು ಬರಲಿಲ್ಲ ಅಂದಕೂಡಲೇ "ನನ್ನ ಹೃದಯ ಕಠಿಣವಾಯಿತು" ಎಂದು ಮಾತ್ರೆ ಬಿಟ್ಟುಬಿಡುತ್ತಾರೆ. ಅದು ದೇವರಿಗೆ ಮಣಿಯದ ಫರೋಹನ ಹೃದಯವಲ್ಲ, ಔಷಧದ ಅಡ್ಡಪರಿಣಾಮ. ವೈದ್ಯರಿಗೆ ಹೇಳಿದರೆ ಪ್ರಮಾಣ ಸರಿಪಡಿಸುತ್ತಾರೆ. ಈ ಮಾತ್ರೆಗಳು ಓಸಿಡಿಯಲ್ಲಿ ಕೆಲಸ ಮಾಡಿ ತೋರಿಸಲು 8ರಿಂದ 12 ವಾರ ಬೇಕು, ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣವೂ ಬೇಕಾಗಬಹುದು. ಒಮ್ಮೆಗೇ ನಿಲ್ಲಿಸಬಾರದು.

ಮಾತ್ರೆಯ ಜೊತೆಗೆ ಇಆರ್‌ಪಿ ಎಂಬ ಮಾತಿನ ಚಿಕಿತ್ಸೆ ಇದೆ. ಭಯ ಹುಟ್ಟಿಸುವುದನ್ನು ಹಂತ ಹಂತವಾಗಿ ಎದುರಿಸಿ, ಆಮೇಲೆ ಮಾಡುತ್ತಿದ್ದ ಸಮಾಧಾನದ ಕೆಲಸವನ್ನು ಮಾಡದೇ ಇರುವುದು. ನಿಮ್ಮಿಂದ ದೇವದೂಷಣೆ ಮಾಡಿಸುತ್ತಾರೆ ಎಂಬ ಹೆದರಿಕೆ ಬೇಡ. ನಂಬಿಕೆಗೆ ವಿರುದ್ಧವಾದದ್ದನ್ನು ಮಾಡಲ್ಲ ಎಂದು ಮೊದಲೇ ಹೇಳಿ. ಮಾರ್ಕ 3:29ನ್ನು ಗಟ್ಟಿಯಾಗಿ ಓದಿ ಪುಸ್ತಕ ಮುಚ್ಚಿ ಎದ್ದು ಹೋಗುವುದು, ಬಿಟ್ಟಿದ್ದ ಆರಾಧನೆಗೆ ಹೋಗಿ ಕೂರುವುದು, ಇಂಥವೇ ಸಾಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೇ ಮೀಸಲಾದ ಕ್ಲಿನಿಕ್ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗುತ್ತಾರೆ. ಒಂದು ಲಕ್ಷಣ ಕಂಡರೆ ಮಾತ್ರ ಒಂದು ದಿನವೂ ಕಾಯಬಾರದು. ಊಟ ನಿದ್ದೆ ಬಿಟ್ಟು, "ನನಗೆ ನರಕ ಖಚಿತ, ಇದ್ದೇನು ಮಾಡಲಿ" ಎಂಬ ಮಾತು ಬಂದರೆ ಒಬ್ಬರೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಪಾಸ್ಟರುಗಳಿಗೆ, ಫಾದರುಗಳಿಗೆ ಒಂದು ವಿನಂತಿ. ಒಂದು ದಿನ ಮುಕ್ಕಾಲು ಗಂಟೆ ಬಿಡುವು ಮಾಡಿಕೊಂಡು ಆ ವಾಕ್ಯಭಾಗವನ್ನು ಅವರ ಜೊತೆ ಕೂತು ಪೂರ್ತಿ ಓದಿ, ಒಂದೇ ಸಲ ಚೆನ್ನಾಗಿ ಉತ್ತರಿಸಿ. ಮುಂದೆ ಈ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ, ಯಾಕೆಂದರೆ ಕೊಟ್ಟರೆ ನಿನಗೆ ಕೆಡುಕು ಎಂದು ಅವತ್ತೇ ಒಪ್ಪಿಸಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಬಂದರೆ "ಆ ಮಾತು ಅವತ್ತೇ ಮುಗಿಸಿದ್ದೇವಲ್ಲ ಮಗಾ. ಅಮ್ಮನ ಮೊಣಕಾಲು ನೋವು ಹೇಗಿದೆ?" ಎಂದು ಬರೆಯಿರಿ. ಕರುಣೆಯಿಲ್ಲದವರ ಹಾಗೆ ಅನಿಸುತ್ತದೆ. ಆದರೂ ದಾರಿ ಇದೇ. ಮುಂದೆ ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲ 1522ರಲ್ಲಿ ಸ್ಪೇನಿನ ಮನ್ರೇಸದಲ್ಲಿ ಇದೇ ಬೇನೆಯಲ್ಲಿ ಬಿದ್ದಿದ್ದ. ಅದಕ್ಕೆ ಮುಂಚೆ ಮೂರು ದಿನ ಹಿಡಿದು ಪಾಪನಿವೇದನೆ ಮಾಡಿದ್ದರೂ ಏನೋ ಬಿಟ್ಟುಹೋಯಿತೆಂಬ ಕೊರಗು. "ತೀರಾ ಸ್ಪಷ್ಟವಾದದ್ದನ್ನು ಬಿಟ್ಟು ಹಳೆಯದನ್ನು ಹೇಳಬೇಡ" ಎಂದರು ಗುರುಗಳು. ಅವನಿಗೆ ಎಲ್ಲವೂ ಸ್ಪಷ್ಟವೇ! ಒಂದು ವಾರ ಅನ್ನನೀರು ಬಿಟ್ಟು ಕೂತ, ಗುರುಗಳು ಉಪವಾಸ ಮುರಿಸಿದರು. ಹಳೆಯ ಪಾಪಗಳನ್ನು ಇನ್ನು ಹೇಳುವುದೇ ಇಲ್ಲ ಎಂದು ತೀರ್ಮಾನಿಸಿದ ಮೇಲೆಯೇ ಅವನಿಗೆ ಬಿಡುಗಡೆ.

ಹಾಗಾಗಿ ಇಂಥವರಿಗೆ ಉಪವಾಸ ಹೇಳಬೇಡಿ. ತಲೆ ಮೇಲೆ ಕೈಯಿಟ್ಟು "ದೂಷಣೆಯ ಆತ್ಮವೇ ಹೊರಗೆ ಬಾ" ಎಂದು ಗದರಿಸಬೇಡಿ. ಅವರಿಗಿದ್ದ ಅನುಮಾನಕ್ಕೆ ನೀವೇ ಮೊಹರು ಒತ್ತಿದ ಹಾಗಾಗುತ್ತದೆ.

ಇನ್ನೊಂದು ಮಾತು ಹೇಳದೆ ಇರಲಾರೆ. ಕಾಣಿಕೆಯ ಲೆಕ್ಕ ಕೇಳಿದವರಿಗೆ, "ಈ ಸ್ವಸ್ಥತೆ ನಿಜವಾ" ಎಂದವರಿಗೆ, ಆರಾಧನೆಯಲ್ಲಿ ಆತ್ಮಾವೇಶದಿಂದ ಆಡುವ ಅನ್ಯಭಾಷೆಯ ಬಗ್ಗೆ ಸಂಶಯ ಪಟ್ಟವರಿಗೆ "ಪವಿತ್ರಾತ್ಮನಿಗೆ ವಿರೋಧವಾಗಿ ಮಾತಾಡುತ್ತೀಯಾ, ಎಚ್ಚರ" ಎಂದು ವೇದಿಕೆಯಿಂದ ಬೆದರಿಸುವುದು ದೊಡ್ಡ ಅನ್ಯಾಯ. ಆತ್ಮಗಳನ್ನು ಪರೀಕ್ಷಿಸಿರಿ ಎಂದು 1 ಯೋಹಾನ 4:1 ಅಪ್ಪಣೆಯನ್ನೇ ಕೊಡುತ್ತದೆ. ಪೌಲನ ಮಾತನ್ನೇ ಶಾಸ್ತ್ರದಲ್ಲಿ ಹುಡುಕಿ ನೋಡಿದ ಬೆರೋಯದವರನ್ನು ಸತ್ಯವೇದ ಹೊಗಳುತ್ತದೆ. "ಅಭಿಷಿಕ್ತರನ್ನು ಮುಟ್ಟಬೇಡಿ" ಎಂಬ ಕೀರ್ತನೆ 105:15ರ ಮಾತು, ಅಬ್ರಹಾಮ, ಇಸಾಕ, ಯಾಕೋಬರಿಗೆ ಕೇಡು ಮಾಡಬೇಡಿ ಎಂದು ರಾಜರಿಗೆ ಹೇಳಿದ್ದು. ಒಬ್ಬರ ಬಾಯಿ ಮುಚ್ಚಿಸಲು ಎಸೆದ ಆ ವಾಕ್ಯ ಹಿಂದಿನ ಬೆಂಚಿನ ಹದಿನಾರರ ಹುಡುಗಿಯ ಎದೆಗೆ ನಾಟಿ ಹತ್ತು ವರ್ಷ ಅಲ್ಲೇ ಕೂರುತ್ತದೆ.

ಕೊನೆಯದಾಗಿ ಪ್ರಭು ಭೋಜನ. ಈ ಭಯದಿಂದ ವರ್ಷಗಟ್ಟಲೆ ಮುಟ್ಟದವರಿದ್ದಾರೆ. 1 ಕೊರಿಂಥ 11:27ರ "ಅಯೋಗ್ಯವಾಗಿ" ಎಂಬುದು ತಿನ್ನುವ ರೀತಿಯ ಬಗ್ಗೆ. ಬಡವರು ಹಸಿದಿರುವಾಗಲೇ ಉಳ್ಳವರು ತಿಂದು, ಕುಡಿದು ಮುಗಿಸುತ್ತಿದ್ದರು ಎಂದು 21, 22ನೇ ವಚನಗಳಲ್ಲೇ ಇದೆ. 28ನೇ ವಚನ ಪರೀಕ್ಷಿಸಿಕೊಳ್ಳಿ ಎಂದು ಹೇಳಿ ನಿಲ್ಲುವುದಿಲ್ಲ, ಪರೀಕ್ಷಿಸಿಕೊಂಡು ತಿನ್ನಿ ಎನ್ನುತ್ತದೆ. ಬರುವ ಭಾನುವಾರ ನಿಮ್ಮ ಸಾಲು ಎದ್ದಾಗ ನೀವೂ ಎದ್ದೇಳಿ. ಮುಂದೆ ಹೋಗುತ್ತಿರುವಾಗ ಆ ಮಾತು ಬರಬಹುದು, ರೊಟ್ಟಿ ಕೈಗಿಡುವ ಕ್ಷಣದಲ್ಲೇ ಬರಬಹುದು. ಬಂದರೂ ಚಾಚಿದ ಕೈ ಹಿಂದಕ್ಕೆ ತೆಗೆಯಬೇಡಿ.